ವಿಜ್ಞಾನಿಯ ಛಾಯಾಚಿತ್ರ: ಸತ್ಯ ಮತ್ತು ಸೌಂದರ್ಯ

ವಿಜ್ಞಾನ ಮತ್ತು ಕಲೆ ಇವೆರಡೂ ಬೇರೆ ಬೇರೆ ಮನೋಧರ್ಮದವರಿಗೆ ಸೇರಿದುವೆಂಬ ಭಾವನೆ ವಿದ್ಯಾವಂತರಲ್ಲಿಯೂ ಬಲವಾಗಿ ಬೇರೂರಿದೆ. ಲೆಕ್ಕದಲ್ಲಿ ಚುರುಕಾದ ಹುಡುಗನನ್ನು ವಿಜ್ಞಾನದ ಕಡೆಗೂ, ಚಿತ್ರ ಬರೆಯುವ ಹುಡುಗನನ್ನು ಬೇರೊಂದು ಕಡೆಗೂ ಕಳುಹಿಸುವ ಪದ್ಧತಿ ಪ್ರೌಢಶಾಲೆಯ ಹಂತದಲ್ಲಿಯೇ ಆರಂಭವಾಗುತ್ತದೆ. ಹೀಗೆ ಒಮ್ಮೆ ಅಗಲಿದ ದಾರಿಗಳು ಮುಂದೆ ಕೂಡುವುದು ಅಪರೂಪ. ವಿಜ್ಞಾನಿಯು ಅಳೆಯುವವನು, ತೂಗುವವನು. ಕಲಾವಿದನು ಅನುಭವಿಸುವವನು, ಅದನ್ನು ಅಭಿವ್ಯಕ್ತಗೊಳಿಸುವವನು ಎಂಬ ಈ ಸರಳ ವಿಂಗಡಣೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸಲು ಛಾಯಾಚಿತ್ರಣವು ಒಂದು ಉತ್ತಮ ಒರೆಗಲ್ಲು. ಕ್ಯಾಮೆರಾ ಪ್ರಯೋಗಶಾಲೆಯ ಉಪಕರಣವೂ ಹೌದು, ಕಲಾವಿದನ ಕುಂಚವೂ ಹೌದು. ಅದನ್ನು ಕೈಗೆತ್ತಿಕೊಂಡ ವಿಜ್ಞಾನಿಗಳು ಏನನ್ನು ಸಾಧಿಸಿದರು, ಯಾವ ಸಂದಿಗ್ಧಗಳಿಗೆ ಸಿಲುಕಿದರು ಎಂಬ ವಿಚಾರವು ವಿದ್ಯಾಸಂಸ್ಥೆಯೊಂದರ ಹಿತಚಿಂತಕರೆಲ್ಲರೂ ಗಮನಿಸತಕ್ಕದ್ದಾಗಿದೆ.

ಛಾಯಾಚಿತ್ರಣವು ಹುಟ್ಟಿದ್ದೇ ವಿಜ್ಞಾನಿಗಳ ಮನೆಯಂಗಳದಲ್ಲಿ. 1839ರಲ್ಲಿ ಈ ವಿದ್ಯೆಯ ವಿಷಯ ಜಗತ್ತಿಗೆ ಪ್ರಕಟವಾದಾಗ, ಅದಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿರುವ 'ಫೋಟೋಗ್ರಫಿ' ಎಂಬ ಹೆಸರನ್ನು ರೂಢಿಗೆ ತಂದವರಲ್ಲಿ ಪ್ರಮುಖನಾದವನು ಖಗೋಳ ವಿಜ್ಞಾನಿ ಸರ್ ಜಾನ್ ಹರ್ಷೆಲ್. ಬೆಳಕಿಗೆ ಒಡ್ಡಿದ ಚಿತ್ರವು ಮತ್ತೆ ಕಪ್ಪಾಗಿ ಹಾಳಾಗದಂತೆ ಅದನ್ನು ಸ್ಥಿರಗೊಳಿಸುವ 'ಹೈಪೊ' ದ್ರಾವಣದ ಗುಣವನ್ನು ಆತ 1819ರಷ್ಟು ಹಿಂದೆಯೇ ಕಂಡುಹಿಡಿದಿದ್ದನು. 1842ರಲ್ಲಿ ಆತನೇ ಕಬ್ಬಿಣದ ಲವಣಗಳಿಂದ ನೀಲಿ ಚಿತ್ರವನ್ನು ಪಡೆಯುವ ವಿಧಾನವೊಂದನ್ನು ರೂಪಿಸಿದನು. ಮುಂದೆ ಇಂಜಿನಿಯರುಗಳು ತಮ್ಮ ನಕ್ಷೆಗಳ ಪ್ರತಿ ತೆಗೆಯಲು ಇದೇ ವಿಧಾನವನ್ನು ಬಳಸಿದರು. ಯಾವುದೇ ಯೋಜನೆಗೆ ಇಂದು 'ನೀಲನಕ್ಷೆ' ಎಂಬ ಮಾತು ಬಳಕೆಯಾಗುತ್ತಿರುವುದು ಆ ನೀಲಿ ಕಾಗದದ ನೆನಪಿನಿಂದಲೇ.

ಹರ್ಷೆಲನ ಈ ವಿಧಾನಕ್ಕೆ ಮೊದಲು ಕಲೆಯ ಕಳೆಯನ್ನು ತಂದವಳು ಆನಾ ಆಟ್ಕಿನ್ಸ್ ಎಂಬ ಸಸ್ಯಶಾಸ್ತ್ರಜ್ಞೆ. ಆಕೆಯ ತಂದೆಯೂ ವಿಜ್ಞಾನಿ. ಇಂಗ್ಲೆಂಡಿನ ಕಡಲ ಪಾಚಿಗಳನ್ನು ಸಂಗ್ರಹಿಸಿ ವರ್ಗೀಕರಿಸುವುದು ಆಕೆಯ ಆಸಕ್ತಿಯ ವಿಷಯವಾಗಿತ್ತು. ಕೂದಲೆಳೆಯಂತಹ ಆ ಪಾಚಿಗಳ ಕವಲುಗಳನ್ನು ಕೈಯಿಂದ ಬರೆಯುವುದು ದುಸ್ಸಾಧ್ಯವೆಂದು ಕಂಡುಕೊಂಡ ಆಕೆ, ಲವಣ ಸವರಿದ ಕಾಗದದ ಮೇಲೆ ಒಣಗಿದ ಪಾಚಿಯನ್ನು ಹರಡಿ ಬಿಸಿಲಿಗೆ ಇಟ್ಟಳು. ಅನಂತರ ನೀರಿನಲ್ಲಿ ತೊಳೆದಾಗ ಗಾಢ ನೀಲಿಯ ನಡುವೆ ಪಾಚಿಯ ಬಿಳಿಯ ನೆರಳು ಮೂಡಿತು. 1843ರಲ್ಲಿ ಹೊರಬರತೊಡಗಿ ಹತ್ತು ವರ್ಷಗಳ ಕಾಲ ಕಂತುಕಂತಾಗಿ ಸಿದ್ಧವಾದ ಆಕೆಯ ಗ್ರಂಥವು ಛಾಯಾಚಿತ್ರಗಳನ್ನು ಒಳಗೊಂಡ ಪ್ರಪ್ರಥಮ ಗ್ರಂಥವೆಂದು ಪರಿಗಣಿತವಾಗಿದೆ. ಸಸ್ಯವನ್ನು ಗುರುತಿಸಲು ಬೇಕಾದ ವಿವರವಷ್ಟೇ ಆಕೆಯ ಗುರಿಯಾಗಿದ್ದರೆ ಪಾಚಿಯನ್ನು ಹೇಗೆ ಇಟ್ಟರೂ ನಡೆಯುತ್ತಿತ್ತು. ಆದರೆ ಪ್ರತಿಯೊಂದು ಪುಟದಲ್ಲಿಯೂ ಅದು ನೀರಿನಲ್ಲಿ ತೇಲುತ್ತಿರುವಂತೆ ಕಾಣುವ ಹಾಗೆ ಆಕೆ ಅದನ್ನು ಹರಡಿದಳು. ಆ ನೀಲಿಯೇ ಕಡಲಾಯಿತು. ಹಾಗೆ ಮಾಡಬೇಕೆಂದು ವಿಜ್ಞಾನದ ಯಾವ ನಿಯಮವೂ ಆಕೆಗೆ ವಿಧಿಸಿರಲಿಲ್ಲ.

ನರಕೋಶಗಳ ರಚನೆಯನ್ನು ಜಗತ್ತಿಗೆ ತಿಳಿಸಿಕೊಟ್ಟು 1906ರಲ್ಲಿ ಗಾಲ್ಜಿಯೊಡನೆ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಸ್ಪೇನ್ ದೇಶದ ರಾಮೊನ್ ಇ ಕಾಹಾಲನ ಕತೆಯೂ ಮನನೀಯವಾದುದು. ಬಾಲ್ಯದಲ್ಲಿ ಆತನಿಗೆ ಚಿತ್ರಕಾರನಾಗಬೇಕೆಂಬ ಹಂಬಲ. ವೈದ್ಯನಾಗಿದ್ದ ತಂದೆಗೆ ಮಗನೂ ವೈದ್ಯನಾಗಬೇಕೆಂಬ ಹಟ. ತಂದೆಯ ಮಾತೇ ನಡೆಯಿತು. ಆದರೆ ಮಗನೊಳಗಿನ ಚಿತ್ರಕಾರ ಸಾಯಲಿಲ್ಲ. ಆತ ಛಾಯಾಚಿತ್ರದ ಗಾಜಿನ ಫಲಕಗಳನ್ನು ತನ್ನ ಕೈಯಿಂದಲೇ ತಯಾರಿಸಿದನು, ತನ್ನ ಮತ್ತು ಕುಟುಂಬದವರ ಚಿತ್ರಗಳನ್ನು ತೆಗೆದನು, 1912ರಲ್ಲಿ ವರ್ಣ ಛಾಯಾಚಿತ್ರಣವನ್ನು ಕುರಿತು ಗ್ರಂಥವೊಂದನ್ನೇ ಬರೆದನು. ಇಷ್ಟೆಲ್ಲ ಬಲ್ಲವನಾಗಿದ್ದರೂ ನರಕೋಶಗಳನ್ನು ತೋರಿಸಬೇಕಾದಾಗ ಆತ ನೆಚ್ಚಿದ್ದು ಬಹುಮಟ್ಟಿಗೆ ಲೇಖನಿ ಮತ್ತು ಮಸಿಯನ್ನು. ಅಂಗಾಂಶದ ದಪ್ಪ ಪದರದಲ್ಲಿ ಮೇಲೆ ಕೆಳಗೆ ಹಬ್ಬಿದ ಕವಲುಗಳೆಲ್ಲವೂ ಒಂದೇ ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ಮೂಡುತ್ತಿರಲಿಲ್ಲ. ತನಗೆ ಪ್ರಿಯವಾದ ಉಪಕರಣದ ಮಿತಿಯನ್ನು ಅರಿತು ಅದನ್ನು ಬದಿಗಿರಿಸುವ ವಿವೇಕವೂ ಸೃಜನಶೀಲತೆಯ ಒಂದು ಅಂಗವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಇಷ್ಟರವರೆಗೆ ಸತ್ಯಕ್ಕೂ ಸೌಂದರ್ಯಕ್ಕೂ ಜಗಳವಿರಲಿಲ್ಲ. ಜಗಳ ಹುಟ್ಟಿದ್ದು ಹಿಮದ ಹರಳಿನ ವಿಷಯದಲ್ಲಿ. ಅಮೆರಿಕದ ವರ್ಮಾಂಟ್ ಪ್ರಾಂತದ ಜೆರಿಕೊ ಎಂಬ ಹಳ್ಳಿಯ ರೈತ ವಿಲ್ಸನ್ ಬೆಂಟ್ಲಿ 1865ರಲ್ಲಿ ಜನಿಸಿದನು. ಶಿಕ್ಷಕಿಯಾಗಿದ್ದ ತಾಯಿಯೇ ಆತನಿಗೆ ಬಹುಕಾಲ ಮನೆಯಲ್ಲಿ ಪಾಠ ಹೇಳಿದಳು. ಆಕೆಯ ಬಳಿಯಿದ್ದ ಸೂಕ್ಷ್ಮದರ್ಶಕವೇ ಆತನ ಮೊದಲ ವಿಶ್ವವಿದ್ಯಾಲಯ. ಸೂಕ್ಷ್ಮದರ್ಶಕದಡಿಯಲ್ಲಿ ಕಂಡ ಹಿಮದ ಹರಳುಗಳನ್ನು ಬಾಲಕನು ಬರೆದುಕೊಳ್ಳಲು ಯತ್ನಿಸಿದನು; ಬರೆದು ಮುಗಿಯುವ ಮೊದಲೇ ಅವು ಕರಗಿಹೋಗುತ್ತಿದ್ದವು. ಕೊನೆಗೆ ಕ್ಯಾಮೆರಾ ಬಂದಿತು. ಹಲವು ಸೋಲುಗಳ ಅನಂತರ 1885ರ ಜನವರಿ 15ರಂದು, ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಆತ ಹಿಮದ ಹರಳೊಂದರ ಚಿತ್ರವನ್ನು ಯಶಸ್ವಿಯಾಗಿ ಸೆರೆಹಿಡಿದನು. ಅಲ್ಲಿಂದ ಮುಂದೆ ಸುಮಾರು ನಲವತ್ತಾರು ಚಳಿಗಾಲಗಳು, ಬೆಂಕಿಯಿಲ್ಲದ ಕೊಟ್ಟಿಗೆಯಲ್ಲಿ ಉಸಿರು ಬಿಗಿಹಿಡಿದು ನಿಂತು, 5000ಕ್ಕೂ ಹೆಚ್ಚು ಹರಳುಗಳ ಚಿತ್ರ ತೆಗೆದನು. ಅವುಗಳಲ್ಲಿ 2000ಕ್ಕೂ ಮಿಕ್ಕಿದ ಚಿತ್ರಗಳ ಗ್ರಂಥವು 1931ರಲ್ಲಿ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆತ ನ್ಯುಮೋನಿಯಾದಿಂದ ತೀರಿಕೊಂಡನು. ಹಾಲು ಕರೆಯುವ ಕೆಲಸದ ನಡುವೆ ಆತ ನಡೆಸಿದ ಈ ಉದ್ಯಮವನ್ನು ಕಾಯಕವೆನ್ನದೆ ಬೇರೇನೆನ್ನಲಾದೀತು?

ಆದರೆ ಬಿಳಿಯ ಹರಳು ಬಿಳಿಯ ಹಿನ್ನೆಲೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ಆದ್ದರಿಂದ ಬೆಂಟ್ಲಿಯು ನೆಗೆಟಿವ್ ಫಲಕದ ಪ್ರತಿ ತೆಗೆದು, ಆ ಪ್ರತಿಯಲ್ಲಿ ಹರಳಿನ ಸುತ್ತಲಿನ ಲೇಪವನ್ನು ಚೂಪಾದ ಚಾಕುವಿನಿಂದ ಹೆರೆದು ತೆಗೆಯುತ್ತಿದ್ದನು. ಆಗ ಮುದ್ರಿತ ಚಿತ್ರದಲ್ಲಿ ಹಿನ್ನೆಲೆಯು ಕಪ್ಪಾಗಿ, ಹರಳು ಇರುಳಿನ ನಕ್ಷತ್ರದಂತೆ ಹೊಳೆಯುತ್ತಿತ್ತು. ಜರ್ಮನಿಯ ಹವಾಶಾಸ್ತ್ರಜ್ಞ ಗುಸ್ತಾವ್ ಹೆಲ್‌ಮನ್ ಇದನ್ನು ತೀವ್ರವಾಗಿ ಆಕ್ಷೇಪಿಸಿದನು. ಆತನ ಸಹೋದ್ಯೋಗಿ ನೊಯ್‌ಹೌಸ್ ತೆಗೆದ ಚಿತ್ರಗಳಲ್ಲಿ ಹರಳುಗಳು ಇಷ್ಟೊಂದು ಸಮಾಂಗವಾಗಿರಲಿಲ್ಲ. ಒಂದರ ಕವಲು ಮುರಿದಿತ್ತು, ಇನ್ನೊಂದರ ಕೋನ ಮೊಂಡಾಗಿತ್ತು. ಚಾಕುವಿನಿಂದ ಹೆರೆಯುವಾಗ ಹರಳಿನ ಅಂಚೂ ಬದಲಾಗಬಹುದಲ್ಲವೆ ಎಂಬುದು ಹೆಲ್‌ಮನ್ನನ ವಾದ. ಚಿತ್ರವನ್ನು ಪ್ರಕೃತಿಗೆ ಹೆಚ್ಚು ಹತ್ತಿರವಾಗಿಸುವ ತಿದ್ದುಪಡಿ ನ್ಯಾಯವಾದುದೇ ಎಂಬುದು ಬೆಂಟ್ಲಿಯ ಸಮರ್ಥನೆ. ಇಬ್ಬರಲ್ಲಿಯೂ ಸತ್ಯಾಂಶವಿತ್ತು. ಬೆಂಟ್ಲಿಯು ಸುಳ್ಳು ಹರಳನ್ನು ಸೃಷ್ಟಿಸಲಿಲ್ಲ. ಆದರೆ ಬಿದ್ದ ಸಾವಿರ ಹರಳುಗಳಲ್ಲಿ ಅತ್ಯಂತ ಸುಂದರವಾದುದನ್ನೇ ಆರಿಸಿದನು. ಹಿಮವೆಂದರೆ ಹೀಗೆಯೇ ಎಂದು ಅವನ ಚಿತ್ರಗಳನ್ನು ನೋಡಿದ ಜಗತ್ತು ನಂಬಿತು. ಅಕ್ರಮವಾದ, ಮುರಿದ ಹರಳುಗಳೇ ಹಿಮದಲ್ಲಿ ಹೆಚ್ಚೆಂಬುದು ಆ ಸೌಂದರ್ಯದ ಬೆಳಕಿನಲ್ಲಿ ಮರೆಯಾಯಿತು.

ಇಂತಹುದೇ ಮರೆವನ್ನು ತಾನೇ ಪತ್ತೆಹಚ್ಚಿ ಒಪ್ಪಿಕೊಂಡವನು ಇಂಗ್ಲೆಂಡಿನ ಭೌತಶಾಸ್ತ್ರಜ್ಞ ಆರ್ಥರ್ ವರ್ದಿಂಗ್‌ಟನ್. ದ್ರವದ ಮೇಲೆ ಹನಿಯೊಂದು ಬಿದ್ದಾಗ ಏಳುವ ಚಿಮ್ಮುಗಳನ್ನು ಆತ ವರ್ಷಾನುಗಟ್ಟಲೆ ಅಧ್ಯಯನ ಮಾಡಿದನು. ಕತ್ತಲೆಕೋಣೆಯಲ್ಲಿ ಒಂದು ಕಿಡಿಯ ಬೆಳಕಿನಲ್ಲಿ ಕಂಡುದನ್ನು ಕಣ್ಣಿನಲ್ಲಿ ನಿಲ್ಲಿಸಿಕೊಂಡು ಕೈಯಿಂದ ಬರೆಯುತ್ತಿದ್ದನು. ಆ ಚಿತ್ರಗಳೆಲ್ಲವೂ ಕಿರೀಟಗಳಂತೆ ಸಮಾಂಗವಾಗಿದ್ದವು. 1894ರಲ್ಲಿ ಆತ ಅದೇ ಚಿಮ್ಮುಗಳನ್ನು ಛಾಯಾಚಿತ್ರದಲ್ಲಿ ಹಿಡಿದಾಗ ಅವು ಅಷ್ಟೇನೂ ಸಮಾಂಗವಾಗಿಲ್ಲವೆಂಬುದು ಕಂಡುಬಂದಿತು. ಹಿಂದಿನ ಟಿಪ್ಪಣಿಗಳನ್ನು ತೆಗೆದು ನೋಡಿದರೆ, ವಕ್ರವಾದ ಚಿಮ್ಮುಗಳನ್ನು ತಾನು ಆಗಲೂ ಕಂಡಿದ್ದು, ಅವುಗಳನ್ನು ಆಕಸ್ಮಿಕವೆಂದು ಬದಿಗೆ ಸರಿಸಿದ್ದು ಆತನಿಗೆ ತಿಳಿಯಿತು. ಮನಸ್ಸು ಆದರ್ಶವನ್ನು ಬಯಸುತ್ತದೆ. ಕಣ್ಣು ಆ ಬಯಕೆಗೆ ತಕ್ಕಂತೆ ಸಾಕ್ಷಿ ನುಡಿಯುತ್ತದೆ. ಇದನ್ನು ವರ್ದಿಂಗ್‌ಟನ್ ಮರೆಮಾಚದೆ ತನ್ನ ಬರಹದಲ್ಲಿ ದಾಖಲಿಸಿದನು. 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂಬ ಕನ್ನಡದ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

ಹನಿಯ ಚಿಮ್ಮು ಮತ್ತೊಮ್ಮೆ ಪ್ರಸಿದ್ಧವಾದದ್ದು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ ಪ್ರಾಧ್ಯಾಪಕ ಹೆರಾಲ್ಡ್ ಎಡ್ಗರ್‌ಟನ್ನನಿಂದ. ವೇಗವಾಗಿ ತಿರುಗುವ ವಿದ್ಯುತ್ ಮೋಟಾರುಗಳ ಚಲನೆಯನ್ನು ಪರಿಶೀಲಿಸಲೆಂದು ಆತ ಕ್ಷಣಿಕ ಬೆಳಕಿನ ದೀಪವನ್ನು ಬೆಳೆಸಿದನು. ಅದರ ಮಿನುಗು ಸೆಕೆಂಡಿನ ಲಕ್ಷಾಂಶದಷ್ಟು ಅಲ್ಪಕಾಲದ್ದು. ಆ ಬೆಳಕಿನಲ್ಲಿ ಹಾಲಿನ ಹನಿಯೊಂದು ಬಿದ್ದು ಮುತ್ತಿನ ಕಿರೀಟವಾಗಿ ಅರಳಿದ 1936ರ ಚಿತ್ರವು ಮರುವರ್ಷವೇ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದ ಪ್ರದರ್ಶನದಲ್ಲಿ ಸ್ಥಾನ ಪಡೆಯಿತು. ಅಷ್ಟಕ್ಕೆ ತೃಪ್ತನಾಗದೆ ಆತ ಇನ್ನೂ ಪರಿಪೂರ್ಣವಾದ ಕಿರೀಟಕ್ಕಾಗಿ ಹನಿಯ ಮೇಲೆ ಹನಿ ಬೀಳಿಸುತ್ತ ಹೋದನು. ಕೆಂಪು ಹಿನ್ನೆಲೆಯ ಸುಪ್ರಸಿದ್ಧ ವರ್ಣಚಿತ್ರ ದೊರೆತದ್ದು 1957ರಲ್ಲಿ. ತಾನು ಕಲಾವಿದನಲ್ಲ, ಸಂಗತಿಗಳನ್ನು ಅರಸುವ ಇಂಜಿನಿಯರ್ ಎಂದೇ ಆತ ಹೇಳುತ್ತಿದ್ದನು. ಆ ಮಾತಿನ ವಿನಯವನ್ನು ಗೌರವಿಸಬೇಕು. ಆದರೆ ಅದನ್ನು ಪೂರ್ತಿಯಾಗಿ ಒಪ್ಪಬೇಕಾಗಿಲ್ಲ. ಸಂಗತಿ ಮೊದಲ ವರ್ಷಗಳಲ್ಲಿಯೇ ಕೈಗೆ ಸಿಕ್ಕಿತ್ತು. ಅನಂತರ ಎರಡು ದಶಕಗಳ ಕಾಲ ಆತ ಅರಸಿದ್ದು ಸೌಂದರ್ಯವನ್ನೇ ಅಲ್ಲದೆ ಮತ್ತೇನನ್ನು?

ಹಾಗಾದರೆ ವಿಜ್ಞಾನಿಯು ಸೌಂದರ್ಯಕ್ಕೆ ಮನಸೋಲುವುದು ದೋಷವೆ? ಖಂಡಿತವಾಗಿ ಅಲ್ಲ. ಬೆಂಟ್ಲಿಯ ಚಿತ್ರಗಳ ಮುಂದಿನ ಕತೆಯೇ ಇದಕ್ಕೆ ಉತ್ತರ. ಅವುಗಳಿಂದ ಪ್ರೇರಿತನಾದ ಜಪಾನಿನ ಭೌತಶಾಸ್ತ್ರಜ್ಞ ಉಕಿಚಿರೊ ನಕಾಯನು ಹೊಕ್ಕೈಡೊ ದ್ವೀಪದ ಚಳಿಯಲ್ಲಿ ಕುಳಿತು ಸುಮಾರು 3000 ಹರಳುಗಳ ಚಿತ್ರ ತೆಗೆದನು. ಆತ ಸುಂದರವಾದುವನ್ನು ಮಾತ್ರ ಆರಿಸದೆ ಕುರೂಪವಾದುವನ್ನೂ, ಮುರಿದುವನ್ನೂ ವರ್ಗೀಕರಿಸಿದನು. ಅನಂತರ 1936ರಲ್ಲಿ ಮೊಲದ ಕೂದಲಿನ ತುದಿಯಲ್ಲಿ ಕೃತಕ ಹಿಮದ ಹರಳನ್ನು ಬೆಳೆಸಿ, ಯಾವ ಉಷ್ಣತೆಯಲ್ಲಿ, ಎಷ್ಟು ತೇವದಲ್ಲಿ ಯಾವ ಆಕೃತಿ ಮೂಡುವುದೆಂಬುದನ್ನು ಕ್ರಮಬದ್ಧವಾಗಿ ತೋರಿಸಿಕೊಟ್ಟನು. ಹರಳಿನ ಆಕಾರವನ್ನು ಓದಿ ಮೇಲಿನ ವಾತಾವರಣವನ್ನು ಅರಿಯಬಹುದಾದ್ದರಿಂದ, ಹಿಮವು ಆಕಾಶದಿಂದ ಬರುವ ಪತ್ರವೆಂದು ಆತ ಬಣ್ಣಿಸಿದನು. ಉತ್ತಮ ಪ್ರಬಂಧಕಾರನೂ ಆಗಿದ್ದ ನಕಾಯನಿಗೆ ಅಂತಹ ಮಾತು ಸಹಜವಾಗಿ ಬರುತ್ತಿತ್ತು. ರೈತನೊಬ್ಬನ ಸೌಂದರ್ಯದಾಹವು ಸಾಗರದಾಚೆ ಇನ್ನೊಬ್ಬನ ಸಂಶೋಧನೆಗೆ ಬೀಜವಾಯಿತು. ಆದರೆ ಅದು ಫಲಿಸಿದ್ದು ಕುರೂಪಕ್ಕೂ ಸಮಾನ ಗೌರವ ದೊರೆತಾಗ.

ಈ ದೃಷ್ಟಾಂತಗಳಿಂದ ಹೊರಡುವ ತೀರ್ಮಾನ ಸ್ಪಷ್ಟವಾಗಿದೆ. ವಿಜ್ಞಾನಿಯ ಛಾಯಾಚಿತ್ರದಲ್ಲಿ ಸೃಜನಶೀಲತೆಯಿರುವುದು ಆಯ್ಕೆಯಲ್ಲಿ: ಯಾವ ಹರಳು, ಯಾವ ಕ್ಷಣ, ಯಾವ ಹಿನ್ನೆಲೆ, ಯಾವ ಬಣ್ಣ ಎಂಬುದರಲ್ಲಿ. ಆಯ್ಕೆಯಿಲ್ಲದೆ ಚಿತ್ರವೇ ಇಲ್ಲವಾದ್ದರಿಂದ, ಸಂಪೂರ್ಣ ನಿರ್ಲಿಪ್ತವಾದ ಛಾಯಾಚಿತ್ರವೆಂಬುದು ಒಂದು ಭ್ರಮೆ. ಪ್ರಮಾದವಿರುವುದು ಆಯ್ಕೆಯನ್ನು ಬಚ್ಚಿಡುವುದರಲ್ಲಿ. ಹಬಲ್ ದೂರದರ್ಶಕವು 1995ರಲ್ಲಿ ತೆಗೆದ, 'ಸೃಷ್ಟಿಯ ಸ್ತಂಭಗಳು' ಎಂದು ಹೆಸರಾದ ಅನಿಲಸ್ತಂಭಗಳ ಚಿತ್ರವನ್ನೇ ನೋಡಬಹುದು. ಅಲ್ಲಿನ ಬಣ್ಣಗಳು ಬರಿಗಣ್ಣಿಗೆ ಕಾಣುವಂತಹವಲ್ಲ. ಗಂಧಕದ ಬೆಳಕಿಗೆ ಕೆಂಪು, ಜಲಜನಕದ ಬೆಳಕಿಗೆ ಹಸುರು, ಆಮ್ಲಜನಕದ ಬೆಳಕಿಗೆ ನೀಲಿ ಎಂದು ಖಗೋಳ ವಿಜ್ಞಾನಿಗಳೇ ಗೊತ್ತುಪಡಿಸಿದ ಬಣ್ಣಗಳವು. ಅದನ್ನು ಅವರು ಬಹಿರಂಗವಾಗಿ ತಿಳಿಸಿದ್ದಾರೆ. ಆದ್ದರಿಂದ ಅದು ವಂಚನೆಯಲ್ಲ, ವ್ಯಾಖ್ಯಾನ. ಇದಕ್ಕೆ ವಿರುದ್ಧವಾಗಿ, ಗಣಕಯಂತ್ರದಲ್ಲಿ ಚಿತ್ರದ ಒಂದು ಕಲೆಯನ್ನು ಸದ್ದಿಲ್ಲದೆ ಅಳಿಸುವುದು, ಇನ್ನೊಂದನ್ನು ಅಂಟಿಸುವುದು ಸಂಶೋಧನೆಯ ಲೋಕಕ್ಕೆ ತಗುಲಿದ ವ್ಯಾಧಿಯಾಗಿದೆ. ಜೀವಕೋಶ ವಿಜ್ಞಾನದ ಪ್ರತಿಷ್ಠಿತ ನಿಯತಕಾಲಿಕವೊಂದು 2002ರಿಂದ ತನಗೆ ಬರುವ ಪ್ರಬಂಧಗಳ ಚಿತ್ರಗಳನ್ನು ಪರೀಕ್ಷೆಗೆ ಒಳಪಡಿಸತೊಡಗಿದ್ದು ಇದೇ ಕಾರಣದಿಂದ. ಇಡೀ ಚಿತ್ರವನ್ನು ಒಂದೇ ಪ್ರಮಾಣದಲ್ಲಿ ತಿಳಿಯಾಗಿಸಬಹುದು. ಒಂದು ಭಾಗವನ್ನು ಮಾತ್ರ ಗುಟ್ಟಾಗಿ ತಿದ್ದಕೂಡದೆಂಬ ನಿಯಮ ಈಗ ಸಾಮಾನ್ಯವಾಗಿದೆ. ಬೆಂಟ್ಲಿಯ ಚಾಕುವಿನಿಂದ ಎದ್ದ ಪ್ರಶ್ನೆಯೇ ಇಲ್ಲಿ ಇನ್ನೊಂದು ರೂಪದಲ್ಲಿ ಬಂದು ನಿಂತಿದೆ.

ಕನ್ನಡ ನಾಡಿಗೂ ಈ ವಿಷಯಕ್ಕೂ ಸಂಬಂಧವಿಲ್ಲದಿಲ್ಲ. ಸರ್ ಸಿ. ವಿ. ರಾಮನ್ ಅವರು 1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ಕಣ್ಣಾರೆ ಕಂಡ ಹೊಸ ಬೆಳಕಿನ ರೇಖೆಗಳಿಗೆ ಛಾಯಾಚಿತ್ರ ಫಲಕಗಳು ಅಳಿಯದ ಸಾಕ್ಷ್ಯವನ್ನು ಒದಗಿಸಿದವು. ಅದೇ ಮಾರ್ಚ್ 16ರಂದು ಬೆಂಗಳೂರಿನಲ್ಲಿ ನೀಡಿದ ಉಪನ್ಯಾಸದಲ್ಲಿ ಅವರು ಆ ಶೋಧವನ್ನು ವಿವರಿಸಿದರು. ಹೂವಿನ ಬಣ್ಣ, ಹರಳಿನ ಹೊಳಪುಗಳಲ್ಲಿ ಅವರಿಗೆ ಕೊನೆಯವರೆಗೂ ಇದ್ದ ಮೋಹವು ಅವರ ವಿಜ್ಞಾನದಿಂದ ಬೇರೆಯಾದುದಾಗಿರಲಿಲ್ಲ. ಸಸ್ಯಶಾಸ್ತ್ರಜ್ಞ ಡಾ. ಬಿ. ಜಿ. ಎಲ್. ಸ್ವಾಮಿಯವರು ತಮ್ಮ ಗ್ರಂಥಗಳಿಗೆ ತಾವೇ ರೇಖಾಚಿತ್ರಗಳನ್ನು ಬರೆದರು. ಅವರ 'ಹಸುರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ವಿಜ್ಞಾನದ ಪದವಿಯಿಲ್ಲದಿದ್ದರೂ ವಿಜ್ಞಾನಿಯ ತಾಳ್ಮೆಯನ್ನು ಪಡೆದಿದ್ದ ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದ ಸುತ್ತಮುತ್ತ ಹಕ್ಕಿಗಳ ಛಾಯಾಚಿತ್ರ ತೆಗೆಯುತ್ತ, ಅವುಗಳ ಬದುಕನ್ನು ಕನ್ನಡದಲ್ಲಿ ಬರೆದರು. ನೋಡುವುದು ಮತ್ತು ಅರಿಯುವುದು ಒಂದೇ ಕ್ರಿಯೆಯ ಎರಡು ಮುಖಗಳೆಂಬುದಕ್ಕೆ ಇಂತಹ ಮಹನೀಯರ ಬದುಕೇ ಪ್ರಮಾಣ.

ಹೀಗಿರುವಾಗ ಶಾಲೆಗಳಲ್ಲಿ ನಡೆಯುತ್ತಿರುವುದೇನು? ವಿಜ್ಞಾನದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿಯು ಹೂವಿನ ಚಿತ್ರ ಬರೆಯುತ್ತಾನೆ. ಆದರೆ ಹೂವನ್ನು ನೋಡಿ ಅಲ್ಲ, ಪಠ್ಯಪುಸ್ತಕದ ಚಿತ್ರವನ್ನು ನೋಡಿ. ಆ ಚಿತ್ರದಲ್ಲಿ ಐದು ದಳಗಳಿದ್ದರೆ, ಕೈಯಲ್ಲಿರುವ ಹೂವಿನ ಒಂದು ದಳವನ್ನು ಹುಳು ತಿಂದಿದ್ದರೂ ಪುಸ್ತಕದಲ್ಲಿ ಐದೇ ದಳಗಳು ಮೂಡುತ್ತವೆ. ನೀಟಾದ ಚಿತ್ರಕ್ಕೆ ಹೆಚ್ಚು ಅಂಕ. 'ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ' ಎಂಬ ಮಾತು ಪ್ರಯೋಗಶಾಲೆಯಲ್ಲಿಯೂ ನಿಜವಾಗಿಬಿಟ್ಟರೆ ವಿಜ್ಞಾನಕ್ಕೆ ಉಳಿಗಾಲವೆಲ್ಲಿ? ವರ್ದಿಂಗ್‌ಟನ್ ತನ್ನ ತಪ್ಪನ್ನು ಕಂಡುಕೊಂಡದ್ದು ಪ್ರೌಢವಯಸ್ಸಿನಲ್ಲಿ, ಸ್ವಪ್ರಯತ್ನದಿಂದ. ಅದೇ ತಪ್ಪನ್ನು ಇಲ್ಲಿ ಬಾಲ್ಯದಲ್ಲಿಯೇ ಅಂಕ ಕೊಟ್ಟು ಕಲಿಸಿದಂತಾಗುತ್ತದೆ.

ಇದಕ್ಕೆ ಪರಿಹಾರವು ದುಬಾರಿಯಾದುದಲ್ಲ. ಆನಾ ಆಟ್ಕಿನ್ಸಳ ನೀಲಿ ಚಿತ್ರಕ್ಕೆ ಬೇಕಾಗುವುದು ಫೆರಿಕ್ ಅಮೋನಿಯಂ ಸಿಟ್ರೇಟ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ಎರಡು ಲವಣಗಳು, ಒಳ್ಳೆಯ ಕಾಗದ, ನೀರು ಮತ್ತು ಬಿಸಿಲು. ಎರಡನೆಯ ಲವಣವನ್ನು ಆಮ್ಲಗಳಿಂದ ದೂರವಿಟ್ಟು, ಅಧ್ಯಾಪಕರ ಕಣ್ಗಾವಲಿನಲ್ಲಿ ಕೆಲಸ ನಡೆಸಬೇಕಾದದ್ದು ಅವಶ್ಯ. ಬಿಸಿಲಿಗಂತೂ ಈ ನಾಡಿನಲ್ಲಿ ಬರವಿಲ್ಲ. ಬೇವಿನ ಎಲೆ, ಹೊಂಗೆಯ ಹೂ, ಹೊಲದ ಬದುವಿನ ಹುಲ್ಲು ಇವುಗಳ ನೀಲಿ ಚಿತ್ರಗಳನ್ನು ಎಂಟನೆಯ ತರಗತಿಯ ಮಕ್ಕಳು ಒಂದು ಬೆಳಗಿನಲ್ಲಿ ತಯಾರಿಸಬಲ್ಲರು. ಇಂದು ಬಹುಪಾಲು ಮನೆಗಳಲ್ಲಿರುವ ಮೊಬೈಲ್ ದೂರವಾಣಿಯನ್ನು ಶಾಲೆಯ ಸೂಕ್ಷ್ಮದರ್ಶಕದ ಕಣ್ಣಿಗೆ ಹೊಂದಿಸಿ ಹಿಡಿದರೆ ಈರುಳ್ಳಿಯ ಪೊರೆಯ ಕೋಶಗಳ ಚಿತ್ರ ದೊರೆಯುತ್ತದೆ. ಆದರೆ ಒಂದು ನಿಯಮವನ್ನು ಕಡ್ಡಾಯವಾಗಿ ಪಾಲಿಸಬೇಕು. ಪ್ರತಿಯೊಂದು ಚಿತ್ರದ ಕೆಳಗೆ ವಿದ್ಯಾರ್ಥಿಯು ನಾಲ್ಕು ಸಾಲು ಬರೆಯಬೇಕು: ಯಾವ ದಿನ, ಎಲ್ಲಿ ತೆಗೆದದ್ದು, ಎಷ್ಟು ಚಿತ್ರಗಳಲ್ಲಿ ಇದನ್ನು ಆರಿಸಿದ್ದು, ಏಕೆ ಆರಿಸಿದ್ದು, ಏನನ್ನಾದರೂ ತಿದ್ದಿದ್ದರೆ ಯಾವುದನ್ನು. ಯಂತ್ರವೇ ಇಲ್ಲದ ದೃಶ್ಯವನ್ನು ಕ್ಷಣಮಾತ್ರದಲ್ಲಿ ಸೃಷ್ಟಿಸಿಕೊಡುವ ಈ ಕಾಲದಲ್ಲಿ ಆ ನಾಲ್ಕು ಸಾಲುಗಳ ಬೆಲೆ ಚಿತ್ರದ ಬೆಲೆಗಿಂತ ಮಿಗಿಲಾದುದು.

ಇಲ್ಲಿ ಚಿತ್ರಕಲಾ ಶಿಕ್ಷಕರೂ ವಿಜ್ಞಾನ ಶಿಕ್ಷಕರೂ ಒಂದೇ ಮೇಜಿನ ಎರಡು ಬದಿಗಳಲ್ಲಿ ನಿಲ್ಲಬೇಕಾಗುತ್ತದೆ. ಎಲೆಯನ್ನು ಹೇಗೆ ಇಟ್ಟರೆ ನೋಟ ಚೆನ್ನ ಎಂದು ಒಬ್ಬರು ಹೇಳಲಿ. ಹಾಗಿಟ್ಟಾಗ ಅದರ ಯಾವ ಗುಣ ಮರೆಯಾಯಿತು ಎಂದು ಇನ್ನೊಬ್ಬರು ಕೇಳಲಿ. ವಿದ್ಯೆಯನ್ನು ಪೋಷಿಸುವ ದಾನಿಗಳು ಕಟ್ಟಡಗಳನ್ನು ಕಟ್ಟಿಸಿದ್ದಾರೆ, ವಿದ್ಯಾರ್ಥಿ ವೇತನಗಳನ್ನು ಸ್ಥಾಪಿಸಿದ್ದಾರೆ. ಅವರ ಔದಾರ್ಯ ಸ್ತುತ್ಯವಾದುದು. ಅದರ ಒಂದು ಚಿಕ್ಕ ಪಾಲು ಕೆಲವು ಒಳ್ಳೆಯ ಸೂಕ್ಷ್ಮದರ್ಶಕಗಳಿಗೆ, ಮಕ್ಕಳ ಚಿತ್ರಗಳನ್ನು ತೂಗುಹಾಕುವ ಒಂದು ಗೋಡೆಗೆ ಮೀಸಲಾದರೆ, ಅದರ ಫಲ ದೂರಗಾಮಿಯಾಗುತ್ತದೆ. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ವೈದ್ಯರು, ಇಂಜಿನಿಯರುಗಳು, ಕೃಷಿ ತಜ್ಞರು. ತಮ್ಮ ವೃತ್ತಿಯಲ್ಲಿ ತಾವು ಕಂಡ ಅಪೂರ್ವ ನೋಟಗಳ ಚಿತ್ರಗಳನ್ನು ಅವರು ಆ ಗೋಡೆಗೆ ಕಳುಹಿಸಿಕೊಡಬಹುದು.

ಬೆಂಟ್ಲಿಯ ತಾಯಿಯ ಬಳಿಯಿದ್ದದ್ದು ಒಂದೇ ಒಂದು ಸೂಕ್ಷ್ಮದರ್ಶಕ. ಅದನ್ನು ಆಕೆ ಕಪಾಟಿನಲ್ಲಿ ಬೀಗ ಹಾಕಿ ಇಡದೆ ಮಗನ ಕೈಗೆ ಕೊಟ್ಟಳು. ಶಾಲೆಗಳ ಕಪಾಟುಗಳಲ್ಲಿ ಒಡೆದೀತೆಂಬ ಭಯದಿಂದ ಬೀಗ ಹಾಕಿದ ಸೂಕ್ಷ್ಮದರ್ಶಕಗಳು ಇನ್ನೂ ಎಷ್ಟಿವೆಯೋ, ಅವುಗಳ ಹೊರಗೆ ಕಾದು ನಿಂತಿರುವ ಬೆಂಟ್ಲಿಗಳು ಎಷ್ಟು ಮಂದಿಯೋ, ಬಲ್ಲವರಾರು? ಆ ಬೀಗವನ್ನು ತೆಗೆಯುವುದಕ್ಕೆ ದಾನಿಗಳ ಹಣವೂ ಬೇಕಾಗಿಲ್ಲ, ಸರಕಾರದ ಆದೇಶವೂ ಬೇಕಾಗಿಲ್ಲ. ಅಧ್ಯಾಪಕರ ಮನಸ್ಸೊಂದಿದ್ದರೆ ಸಾಕು.